ಹಿಂದಿನ ಬೆಂಚಿನ ಗೆಲುವು

ನಮ್ಮ ಕ್ರೈಸ್ತ ಸಭೆಯಲ್ಲಿ ಕರ್ತನ ಭೋಜನ, ಎಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ಆರಾಧನೆ, ವರ್ಷಕ್ಕೆ ನಾಲ್ಕೇ ಸಲ. ಅದರ ಹಿಂದಿನ ದಿನ, ಶನಿವಾರ ಸಂಜೆ, ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳಬೇಕೆಂದಿರುವವರು ಪಾದ್ರಿಗಳ ಮನೆಯ ಜಗಲಿಗೆ ಹೋಗಿ ಹೆಸರು ಬರೆಸಬೇಕಿತ್ತು. ಬರೆದುಕೊಳ್ಳುವ ಮುಂಚೆ ಪಾದ್ರಿಗಳದ್ದು ಒಂದೇ ಪ್ರಶ್ನೆ: ಯಾರ ಮೇಲಾದರೂ ಜಗಳ ಉಂಟೋ? ಇಲ್ಲ ಎಂದವರ ಹೆಸರು ಪುಸ್ತಕಕ್ಕೆ ಹೋಗುತ್ತಿತ್ತು. ಉಂಟು ಎಂದವರು ಹೋಗಿ ಸರಿಮಾಡಿಕೊಂಡು ಬರಬೇಕು. ಹಾಗಾಗಿ ಆ ನಾಲ್ಕು ಶನಿವಾರ ಕುಂದಾಪುರ, ಕೋಟೇಶ್ವರದ ನಮ್ಮವರ ಮನೆಗಳ ನಡುವೆ ವಿಚಿತ್ರ ಓಡಾಟ. ಮೂರು ತಿಂಗಳು ಮುಖ ತಿರುಗಿಸಿಕೊಂಡಿದ್ದವರು ಒಬ್ಬರ ಮನೆಗೊಬ್ಬರು ಹೋಗಿ ಕಾಫಿ ಕುಡಿದು ಬರುತ್ತಿದ್ದರು. ನಮ್ಮ ಎದುರು ಮನೆಯ ಓರಗಿತ್ತಿಯರಿಬ್ಬರು ಬೇಲಿಯ ಎರಡು ಕಡೆ ನಿಂತು ರಾಜಿಯಾದದ್ದನ್ನು ನಾನೇ ಕೇಳಿದ್ದೇನೆ.

"ನಾಳಿಗ್ ಒಂದಿನ ಸುಮ್ನಿರ್ವ ಹೆಣೆ."

"ಆಯ್ತ್. ಸೋಮವಾರ ಕಾಂಬ."

ಒಬ್ಬ ರಾಜಿಗೆ ಒಪ್ಪದಿದ್ದರೆ ಅದಕ್ಕೂ ಒಂದು ಕಟ್ಟಳೆ ಇತ್ತು. ಜಗಳ ಉಂಟೆಂದವನೂ, ಅವನು ಯಾರ ಹೆಸರು ಹೇಳಿದನೋ ಅವನೂ ಮರುದಿನ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರಬೇಕು. ಉಳಿದವರು ಸಾಲಾಗಿ ಮುಂದೆ ಹೋಗಿ ರೊಟ್ಟಿ ತೆಗೆದುಕೊಳ್ಳುವಾಗ ಈ ಇಬ್ಬರು ಕೂತೇ ಇರಬೇಕು. ತಪ್ಪು ಯಾರದ್ದೆಂದು ಯಾರೂ ಕೇಳುವುದಿಲ್ಲ. ಕಟ್ಟಳೆ ಅಷ್ಟು ಒರಟು. ಈ ಕಟ್ಟಳೆಯನ್ನು ನಾನು ಏಳು ವರ್ಷ ಒಬ್ಬ ಮುದುಕರ ಮೇಲೆ ಬಳಸಿದೆ. ಆಗ ನನಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಈಗಲೂ ಇಲ್ಲ. ಆ ರೊಟ್ಟಿಯ ಚೂರು ನನ್ನ ಮಟ್ಟಿಗೆ ಬರಿಯ ರೊಟ್ಟಿಯ ಚೂರು. ಅವರಿಗೆ ಅದು ಪ್ರಾಣವೆಂದು ಗೊತ್ತಿದ್ದದ್ದರಿಂದಲೇ ಅದನ್ನು ಅವರ ಬಾಯಿಂದ ತಪ್ಪಿಸಿದೆ.

ಅವರು ಸಭೆಯ ಹಿರಿಯರ ಪೈಕಿ ಮುಖ್ಯರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ 'ಹಿರಿಯರು' ಎಂದು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ನನ್ನ ಅಪ್ಪಯ್ಯ ಅದೇ ಕಾರ್ಖಾನೆಯ ಭಟ್ಟಿಯಲ್ಲಿ ಹಂಚು ಜೋಡಿಸುವವರು. ಇಬ್ಬರೂ ಇಪ್ಪತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು, ಒಂದೇ ಬೆಂಚಿನಲ್ಲಿ ಕೂತು ಕೀರ್ತನೆ ಹಾಡಿದವರು.

ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷ, 1956. ನಾನು ಬಿ.ಎ. ಓದುತ್ತಿದ್ದೆ, ರಜೆಯಲ್ಲಿ ಕೋಟೇಶ್ವರದ ಮನೆಗೆ ಬಂದಿದ್ದೆ. ನಮ್ಮ ಮನೆಯ ಪಕ್ಕದಲ್ಲಿ ದೊಡ್ಡ ಬೇಸಾಯದ ಮನೆಯೊಂದಿತ್ತು. ಆ ಮನೆಯ ಯಜಮಾನತಿಯನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಅಪ್ಪಯ್ಯ ಭಟ್ಟಿಗೆ ಸೌದೆ ಗೊತ್ತುಮಾಡಲು ಹಾಲಾಡಿಗೆ ಹೊರಟದ್ದನ್ನು ಕಂಡು ದೊಡ್ಡಮ್ಮ ಬೇಲಿಯಿಂದಲೇ ಕರೆದರು.

"ಹ್ವಾಯ್, ಹ್ಯಾಂಗೂ ಹಾಲಾಡಿಗ್ ಹೋತ್ರಿ. ಈ ಬೊಂಡದ ಗೊನೆ ಒಂದ್ ದೈವದ ಮನೆ ಬಾಗ್ಲಲ್ ಇಟ್ಟ್ ಹೋಯ್ನಿ. ನಮ್ಮನೆ ಗಂಡ್ಸ್ರ್ ಒಬ್ರೂ ಇಲ್ಲೆ ಇವತ್ತ್."

ಬೊಂಡ ಎಂದರೆ ಸೀಯಾಳ, ದೈವದ ಮನೆ ಎಂದರೆ ಭೂತದ ಗುಡಿ. ಅಪ್ಪಯ್ಯ ಗೊನೆಯನ್ನು ಹೆಗಲಿಗೇರಿಸಿ ಹೋದರು. ಅಷ್ಟೇ ನಡೆದದ್ದು. ನೆರೆಮನೆಯ ಮುದುಕಿಯ ಹೊರೆ ಹೊತ್ತದ್ದಕ್ಕೆ ನಮ್ಮ ಸಭೆಯೂ ಏನೂ ಹೇಳುತ್ತಿರಲಿಲ್ಲ. ಆದರೆ ಗೊನೆಯ ಜೊತೆ ಹಿಂಗಾರ ಇದ್ದರೆ ಮಾತು ಬೇರೆ. ಬರಿಯ ಸೀಯಾಳ ಕುಡಿಯುವ ವಸ್ತು. ಅಡಿಕೆಯ ಹೂವಿನ ಹಿಂಗಾರ ಸಿಕ್ಕಿಸಿದ ಸೀಯಾಳ ದೈವಕ್ಕೆ ಒಪ್ಪಿಸುವ ವಸ್ತು. ಅದನ್ನು ಹೆಗಲಲ್ಲಿ ಹೊತ್ತವನು ಆ ಪೂಜೆಯಲ್ಲಿ ಪಾಲು ತೆಗೆದುಕೊಂಡವನು ಎಂದು ನಮ್ಮವರ ಲೆಕ್ಕ. ದಾರಿಯಲ್ಲಿ ಹಿರಿಯರು ಸೈಕಲ್ಲಿನಲ್ಲಿ ಎದುರಾದರು. ಇಬ್ಬರೂ ತಲೆಯಾಡಿಸಿ ಹೋದರು.

ಮರುವಾರ ಆರಾಧನೆ ಮುಗಿದ ಮೇಲೆ ಸಭೆ ಕೂತಿತು. ಹಿರಿಯರು ಎದ್ದು ನಿಂತದ್ದು, ಕೊಡೆಯನ್ನು ಮುಂದಿನ ಬೆಂಚಿಗೆ ಸಿಕ್ಕಿಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಮ್ಮನನ್ನು ಕೇಳಿದರೆ, ಆಗ ಮಳೆಗಾಲವೇ ಅಲ್ಲ, ಕೊಡೆ ಎಲ್ಲಿಂದ ಬಂತು ಎನ್ನುತ್ತಿದ್ದಳು. ಕೊಡೆ ಇರಲಿ, ಬಿಡಲಿ. ಮಾತು ನನಗೆ ನೆನಪಿದೆ.

"ಗೊನೆಲ್ ಹಿಂಗಾರ ಇದ್ದಿತ್ತ್. ನಾ ಕಣ್ಣಾರೆ ಕಂಡದ್ದ್," ಎಂದರು ಹಿರಿಯರು.

"ಬೊಂಡ ಹೊತ್ತದ್ದ್ ಹೌದ್. ಹಿಂಗಾರ ಇರ್ಲಿಲ್ಲೆ," ಎಂದರು ಅಪ್ಪಯ್ಯ.

"ತಪ್ಪಾಯ್ತ್ ಅಂದ್ ಬಿಡಿ ಮಾರಾಯ್ರೆ, ಇಲ್ಲಿಗ್ ಮುಗಿತ್ತ್," ಎಂದು ಹಿಂದಿನಿಂದ ಯಾರೋ ಹೇಳಿದರು.

"ಇಲ್ದಿದ್ದದ್ದಕ್ಕೆ ತಪ್ಪಾಯ್ತ್ ಅಂಬುದ್ ಹ್ಯಾಂಗೆ?"

ಅಪ್ಪಯ್ಯನನ್ನು ಕೊನೆಯ ಬೆಂಚಿಗೆ ಕಳಿಸಿದರು. ಸಭೆಯ ಎದುರು ನಿಂತು ತಪ್ಪಾಯಿತು ಎನ್ನುವ ತನಕ ಅಲ್ಲೇ. ಅವರು ಅನ್ನಲಿಲ್ಲ. ಮೂರು ವರ್ಷ, ಹನ್ನೆರಡು ಭೋಜನ, ಬಾಗಿಲ ಪಕ್ಕ ಕೂತರು. ಉಳಿದವರು ಮುಂದೆ ಹೋಗುವಾಗ ಅವರು ಬಾಗಿಲ ಹೊರಗಿನ ಚಪ್ಪಲಿಗಳನ್ನು ನೋಡುತ್ತಿದ್ದರು. ಆಮೇಲೆ ಎದೆನೋವು ಬಂದು ಭಟ್ಟಿಯ ಬಾಯಲ್ಲೇ ಕುಸಿದು ತೀರಿಕೊಂಡರು. ಹಿರಿಯರೇ ಮೊದಲು ಓಡಿ ಬಂದು ಎತ್ತಿದರಂತೆ. ಅದನ್ನು ನಾನು ಎಂದೂ ಅವರ ಲೆಕ್ಕಕ್ಕೆ ಜಮೆ ಮಾಡಲಿಲ್ಲ.

ಸಮಾಧಿಗೆ ಕಲ್ಲು ಇಡುವಾಗ ಅದರ ಮೇಲೆ ಕೆತ್ತುವ ಒಂದು ಶಬ್ದದ ಮಾತು ಬಂತು. ನಮ್ಮ ಸಮಾಧಿಗಳ ಕಪ್ಪು ಕಲ್ಲಿನಲ್ಲಿ ಹೆಸರಿನ ಕೆಳಗೆ 'ಜಯಿಸಿದವನು' ಎಂದೋ 'ಜಯಿಸಿದವಳು' ಎಂದೋ ಕೆತ್ತುವುದು ರೂಢಿ. ಬೈಬಲಿನ ಕೊನೆಯ ಪುಸ್ತಕದಲ್ಲಿ ಏಳು ಸಭೆಗಳಿಗೆ ಬರೆದ ಏಳು ಪತ್ರಗಳು ಬರುತ್ತವೆ. ಒಂದೊಂದರ ಕೊನೆಯಲ್ಲೂ ಜಯಿಸುವವನಿಗೆ ಒಂದೊಂದು ವಾಗ್ದಾನ. ಅಲ್ಲಿಂದ ಬಂದ ಶಬ್ದ. ಅಮ್ಮ ಕಲ್ಲುಕುಟಿಗನಿಗೆ ಹೇಳಿ ಆಗಿತ್ತು. ಹಿರಿಯರು ಬಂದು ಜಗಲಿಯಲ್ಲಿ ನಿಂತು ಮೆಲ್ಲಗೆ ಹೇಳಿದರು.

"ಬೇಸರ ಮಾಡ್ಕಣ್ಬೇಡಿ. ಭೋಜನದಲ್ ಇದ್ದ್ ತೀರ್ಕಂಡವ್ರಿಗ್ ಮಾತ್ರ ಆ ಶಬ್ದ. ಕಟ್ಟಳೆ ಹಾಂಗ್ ಇತ್ತ್."

ಅಮ್ಮ ಕಲ್ಲುಕುಟಿಗನಿಗೆ ಬೇಡವೆಂದು ಹೇಳಿ ಕಳಿಸಿದಳು. ಕಲ್ಲಿನಲ್ಲಿ ಹೆಸರು, ಎರಡು ಇಸವಿ, ಕೆಳಗೆ ಒಂದು ಗೇಣು ಖಾಲಿ ಜಾಗ. ಆ ಖಾಲಿ ಜಾಗವನ್ನು ನೋಡುತ್ತ ನಾನು ನಿಶ್ಚಯಿಸಿದೆ: ಆ ಶಬ್ದದ ಅರ್ಥವೇನೆಂದು ಈ ಮನುಷ್ಯನಿಗೆ ನಾನು ಕಲಿಸುತ್ತೇನೆ.

ವಿಶ್ವವಿದ್ಯಾಲಯಕ್ಕೆ ಹೋಗಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ಅಲ್ಲಿ ಕಲಿತೆ. ದೇವರನ್ನು ಬಿಟ್ಟದ್ದೂ ಅಲ್ಲೇ. ತಿರುಗಿ ಬಂದು ಬೈಂದೂರಿನ ಹೈಸ್ಕೂಲಿನಲ್ಲಿ ಮಾಸ್ತರನಾದೆ. ಅಷ್ಟರಲ್ಲಿ ಕುಂದಾಪುರದ ಸಭೆಗೆ ಹೊಸ ಪಾದ್ರಿಗಳು ಬಂದಿದ್ದರು. ಅವರನ್ನು ಅಯ್ಯನವರು ಎನ್ನುತ್ತಿದ್ದೆವು. ಮಂಗಳೂರಿನ ಕಡೆಯವರು, ಪುಸ್ತಕದ ಭಾಷೆಯಲ್ಲೇ ಮಾತಾಡುವವರು, ಗ್ರೀಕ್ ಬಲ್ಲವರು. ಹೊಸ ಒಡಂಬಡಿಕೆ ಮೊದಲು ಬರೆದದ್ದು ಗ್ರೀಕಿನಲ್ಲಿ. ನನಗೆ ಕಲಿಸುತ್ತೀರಾ ಎಂದು ಕೇಳಿದೆ. ನಂಬಿಕೆ ಇಲ್ಲದವನಿಗೆ ಯಾಕೆ ಬೇಕು ಎಂದರು. ಒಂದೇ ಒಂದು ಶಬ್ದ ಸಾಕು ಎಂದೆ.

ಶಬ್ದ 'ನಿಕಾವೋ'. ಜಯಿಸುತ್ತೇನೆ, ಗೆಲ್ಲುತ್ತೇನೆ. ಭಾನುವಾರ ಮಧ್ಯಾಹ್ನಗಳಲ್ಲಿ ಅಯ್ಯನವರ ಜಗಲಿಯಲ್ಲಿ ಗೋಳಿಬಜೆ ತಿನ್ನುತ್ತ ನಾವು ಅದರ ಬೆನ್ನು ಹತ್ತಿದೆವು. ಅದು ದೇವಾಲಯದಲ್ಲಿ ಹುಟ್ಟಿದ ಮಾತಲ್ಲ. ಓಟದಲ್ಲಿ ಮುಂದೆ ಬಂದವನಿಗೆ, ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವಿದವನಿಗೆ, ಯುದ್ಧ ಗೆದ್ದ ದೊರೆಗೆ, ನ್ಯಾಯಸ್ಥಾನದಲ್ಲಿ ವ್ಯಾಜ್ಯ ಗೆದ್ದವನಿಗೆ ಗ್ರೀಕರು ಹೇಳುತ್ತಿದ್ದ ಮಾತು. ನನಗೆ ಬೇಕಾದದ್ದು ಅದೇ. ಒಬ್ಬ ಗೆಲ್ಲಬೇಕಾದರೆ ಇನ್ನೊಬ್ಬ ಮಣ್ಣಿಗೆ ಬೀಳಬೇಕು.

ಅಯ್ಯನವರು ತಲೆಯಾಡಿಸುತ್ತಿದ್ದರು. "ಅಲ್ಲಿಂದ ಹೊರಟದ್ದು ನಿಜ. ಎಲ್ಲಿಗೆ ಬಂತು ನೋಡಿ. ಯೇಸು ಲೋಕವನ್ನು ಜಯಿಸಿದ್ದೇನೆ ಎಂದು ಹೇಳುವುದು ಯಾವಾಗ? ತನ್ನನ್ನು ಹಿಡಿದುಕೊಡುವ ಮುಂಚಿನ ಊಟದಲ್ಲಿ. ಮರುದಿನ ಕೊಂದರು. ಕೊನೆಯ ಪುಸ್ತಕದಲ್ಲಿ ಜಯಿಸಿದ ಕುರಿಮರಿ ಕೊಯ್ದ ಗಾಯದೊಂದಿಗೇ ನಿಂತಿದೆ. ಪೌಲ ರೋಮಿನವರಿಗೆ ಬರೆಯುತ್ತಾನಲ್ಲ, ಕೆಟ್ಟದ್ದು ನಿಮ್ಮನ್ನು ಸೋಲಿಸದಿರಲಿ, ಒಳ್ಳೆಯದರಿಂದ ನೀವು ಅದನ್ನು ಸೋಲಿಸಿ ಎಂಬ ಅರ್ಥದಲ್ಲಿ. ಎರಡು ಕಡೆಯೂ ಇದೇ ಕ್ರಿಯಾಪದ."

ನಾನು ಹುಡುಕಿ ಹುಡುಕಿ ಉತ್ತರ ತಂದೆ. ಅದೇ ಕೊನೆಯ ಪುಸ್ತಕದಲ್ಲಿ ಪಾತಾಳದಿಂದ ಎದ್ದ ಮೃಗ ಸಾಕ್ಷಿಗಳನ್ನು ಕೊಲ್ಲುತ್ತದೆ. ಅದು ಅವರನ್ನು ಜಯಿಸಿತು ಎನ್ನಲೂ ಇದೇ ಕ್ರಿಯಾಪದ. ಕುರಿಮರಿಗೂ ಮೃಗಕ್ಕೂ ಒಂದೇ. ಮುಂದೆ ಆ ಕುರಿಮರಿಯೂ ರಾಜರ ಮೇಲೆ ಯುದ್ಧ ಮಾಡಿ ಗೆಲ್ಲುತ್ತದೆ.

"ಹಾಗಾದರೆ ಅಯ್ಯನವರೆ, ನಿಮ್ಮ ಕುರಿಮರಿಯೂ ಸೇಡು ಇಟ್ಟುಕೊಂಡಿತ್ತಲ್ಲ?"

ಅವರು ನಕ್ಕರು. "ಮಾಸ್ತರೆ, ನೀವು ಅರ್ಥ ಹುಡುಕುತ್ತಿಲ್ಲ. ಕತ್ತಿ ಹುಡುಕುತ್ತಿದ್ದೀರಿ."

ನಿಜ. ಒಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಪಟ್ಟಿ ಮಾಡಿದ್ದೆ. ಎಡಗಡೆ, ಪೆಟ್ಟು ತಿಂದು ಜಯಿಸಿದವರು. ಬಲಗಡೆ, ಪೆಟ್ಟು ಕೊಟ್ಟು ಜಯಿಸಿದವರು. ಅಪ್ಪಯ್ಯ ಎಡಗಡೆಯವರು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ನಾನು ಎಲ್ಲಿಯವನೆಂದೂ ಗೊತ್ತಿತ್ತು.

ಕತ್ತಿ ಸಿಕ್ಕಿದ್ದು ಗ್ರೀಕಿನಲ್ಲಲ್ಲ, ನಮ್ಮದೇ ಕಟ್ಟಳೆಯಲ್ಲಿ. 1964ರ ಒಂದು ಶನಿವಾರ ಬೈಂದೂರಿನಿಂದ ಬಸ್ಸು ಹಿಡಿದು ಬಂದು, ಹೆಸರು ಬರೆಸುವವರ ಸಾಲಿನಲ್ಲಿ ನಿಂತೆ. ಅಯ್ಯನವರು ಪೆನ್ನು ಎತ್ತಿ, ಕೇಳುವುದೋ ಬೇಡವೋ ಎಂಬಂತೆ ಕೇಳಿದರು: "ಯಾರ ಮೇಲಾದರೂ ಜಗಳ ಉಂಟೋ?"

"ಉಂಟು," ಎಂದೆ. "ಹಿರಿಯರ ಮೇಲೆ. ಅವರು ಸಭೆಯಲ್ಲಿ ಎದ್ದು ನಿಂತು, ಹಿಂಗಾರ ಇರಲಿಲ್ಲ, ನಾನು ಹೇಳಿದ್ದು ಸುಳ್ಳು ಎನ್ನುವ ತನಕ ಉಂಟು."

ಜಗಲಿಯಲ್ಲಿದ್ದವರು ಹಿರಿಯರ ಕಡೆ ತಿರುಗಿದರು. ಅಯ್ಯನವರು ಆ ಕಟ್ಟಳೆಯನ್ನು ಅಲ್ಲೇ ಬದಿಗಿಡಲು ಸಿದ್ಧರಿದ್ದರು. ಒಪ್ಪದವರು ಹಿರಿಯರೇ. ಕಂಬಕ್ಕೆ ಒರಗಿ ನಿಂತಿದ್ದವರು ಮುಂದೆ ಬಂದು ಹೇಳಿದರು. "ಅವ್ರಪ್ಪಯ್ಯಂಗೆ ಒಂದ್ ಕಟ್ಟಳೆ, ನಂಗೊಂದ್ ಕಟ್ಟಳೆ ಅಂದ್ರೆ ಆತ್ತಾ? ನಾಳೆ ನಾ ಹಿಂದೆ ಕೂಕಂತೆ."

ಹೀಗೆ ಸುರುವಾಯಿತು. ವರ್ಷಕ್ಕೆ ನಾಲ್ಕು ಸಲ ನಾನು ಬೈಂದೂರಿನಲ್ಲಿ ಶಿರೂರಿನಿಂದ ಬರುವ ಬಸ್ಸು ಹತ್ತುತ್ತಿದ್ದೆ. ಕಂಡಕ್ಟರನಿಗೆ ಗುರುತಾಗಿತ್ತು.

"ಹ್ವಾಯ್ ಮಾಷ್ಟ್ರೆ, ಊರಿಗ್ ಹೊರ್ಟದ್ದಾ? ಎಂತ ಹಬ್ಬ?"

"ಜಗಳ."

"ಅದ್ ನಮ್ಮನೆಲ್ ದಿನಾ ಇತ್ತ್. ಬಸ್ಸ್ ಹತ್ತೂದ್ ಬ್ಯಾಡ."

ಶನಿವಾರ ಸಂಜೆ ಜಗಳ ಬರೆಸಿ ಕೋಟೇಶ್ವರದ ಮನೆಗೆ ಬಂದು ಕೂರುತ್ತಿದ್ದೆ. ಕತ್ತಲಾಗುವ ಮುಂಚೆ ಹಿರಿಯರು ಅಂಗಳದಲ್ಲಿ ಕಾಣಿಸಿಕೊಳ್ಳುತ್ತಿದ್ದರು. ರಾಜಿಗೆ ಒಂದು ಸಲ ಬರಲೇಬೇಕು, ಅದೂ ಕಟ್ಟಳೆ. ಅಮ್ಮ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು.

"ಮಾಷ್ಟ್ರೆ, ಬಂದೆ."

"ಕೂಕಣಿ."

"ಎಂತ ಮಾಡುವ?"

"ಹಿಂಗಾರ ಇರ್ಲಿಲ್ಲೆ ಅಂತ ಹೇಳಿ."

"ಕಂಡದ್ದನ್ನ ಕಾಣ್ಲಿಲ್ಲೆ ಅಂಬುಕ್ ಆತ್ತಾ?"

"ಹಾಂಗಾರೆ ನಾಳೆ ಬೆಂಚಲ್ ಕಾಂಬ."

ಅವರು ಕಾಫಿ ಪೂರ್ತಿ ಕುಡಿದು, ಲೋಟ ಕವುಚಿಟ್ಟು ಹೋಗುತ್ತಿದ್ದರು. ಅವರ ಬೆನ್ನು ಒಂದೊಂದು ಸಲಕ್ಕೂ ಸ್ವಲ್ಪ ಹೆಚ್ಚು ಬಾಗಿರುವುದನ್ನು ನೋಡುತ್ತಿದ್ದೆ. ಸಂತೋಷವಾಗುತ್ತಿತ್ತು. ಇದನ್ನು ಮೆತ್ತಗೆ ಮಾಡಿ ಬರೆಯಲಾರೆ. ಹಬ್ಬದ ಹಿಂದಿನ ದಿನದ ಹಾಗೆ ಸಂತೋಷವಾಗುತ್ತಿತ್ತು.

ಬೆಂಚಿನ ಮೇಲೆ ನಾವಿಬ್ಬರೇ. ಇಬ್ಬರಿಗೂ ಸೇರಿ ಒಂದೇ ಕೀರ್ತನೆ ಪುಸ್ತಕ. ಅವರ ಕಣ್ಣು ಮಂಜಾದ ಮೇಲೆ ಪುಸ್ತಕ ನಾನು ಹಿಡಿಯುತ್ತಿದ್ದೆ. ಅವರಿಗೆ ಬಾಯಿಪಾಠವಿತ್ತು, ನನಗೆ ರಾಗ ಬರುತ್ತಿರಲಿಲ್ಲ. ಹೀಗೆ ನಾನು ಪುಸ್ತಕ ಹಿಡಿದು ಸುಮ್ಮನಿರುವುದು, ಅವರು ಪುಸ್ತಕ ನೋಡದೆ ಹಾಡುವುದು. ಜನ ಎದ್ದು ಮುಂದೆ ಹೋಗುವಾಗ ಹಾಡು ನಿಲ್ಲಿಸಿ ಚಪ್ಪಲಿಗಳ ಕಡೆ ನೋಡುತ್ತಿದ್ದರು. ಅಪ್ಪಯ್ಯನ ಹಾಗೆಯೇ. ಆಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅದಕ್ಕೆಂದೇ ಅಷ್ಟು ದೂರದಿಂದ ಬಂದಿರುತ್ತಿದ್ದೆ.

ಈಗ, ಬರೆಯದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲದ ಒಂದು ವಿಷಯ.

ಎರಡನೆಯ ವರ್ಷ ಅಯ್ಯನವರನ್ನು ಕೇಳಿ ಸಭೆಯ ಹಳೆಯ ನಡಾವಳಿ ಪುಸ್ತಕ ತೆಗೆಸಿದೆ. ಅಪ್ಪಯ್ಯನ ವಿಚಾರ ಅಲ್ಲಿ ನಾಲ್ಕು ಸಾಲು. ದೂರು ಬಂತು, ವಿಚಾರಿಸಿದ್ದಾಯಿತು, ಒಪ್ಪಲಿಲ್ಲ, ಕೊನೆಯ ಬೆಂಚು. ದೂರು ತಂದವರು ಯಾರೆಂದು ಬರೆದಿರಲಿಲ್ಲ. ಹಿರಿಯರೇ ದೂರು ಕೊಟ್ಟರೋ, ಯಾರೋ ಕೊಟ್ಟ ದೂರಿಗೆ ಸಾಕ್ಷಿ ಕೇಳಿದಾಗ ಎದ್ದು ನಿಂತರೋ? ಪುಸ್ತಕ ಹೇಳುವುದಿಲ್ಲ. ನನ್ನ ನೆನಪು ಹೇಳುತ್ತದೆ, ಆದರೆ ನನ್ನ ನೆನಪಿನಲ್ಲಿ ಮಳೆಗಾಲವಲ್ಲದ ದಿನ ಒಂದು ಕೊಡೆಯೂ ಇದೆ. ನಡಾವಳಿ ಪುಸ್ತಕವನ್ನು ಮುಚ್ಚಿ ತಿರುಗಿಸಿ ಕೊಟ್ಟೆ. ಮುಂದಿನ ಶನಿವಾರ ಮತ್ತೆ ಜಗಳ ಬರೆಸಿದೆ. ಯೇಸು ಸಮಾಧಿಯಿಂದ ಎದ್ದದ್ದಕ್ಕೆ ಸಾಕ್ಷ್ಯ ಎಲ್ಲಿ ಎಂದು ಅಯ್ಯನವರನ್ನು ಪೀಡಿಸುತ್ತಿದ್ದವನು ನಾನು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಅಪ್ಪಯ್ಯ ಹಾಲಾಡಿಯಿಂದ ತಿರುಗಿ ಬಂದ ದಿನ ಅವರ ಹೆಗಲ ಬೈರಾಸು ಹಗ್ಗದ ಮೇಲೆ ಒಣಗುತ್ತಿತ್ತು. ಬಾವಿಕಟ್ಟೆಯಲ್ಲಿ ಮುಖ ತೊಳೆದು ಆ ಬೈರಾಸಿನಲ್ಲಿ ಒರೆಸಿಕೊಂಡೆ. ಅದರಲ್ಲಿ ಹಿಂಗಾರದ ವಾಸನೆ ಇತ್ತು. ಹಿಂಗಾರದ ವಾಸನೆ ಬೇರೆ ವಾಸನೆಯ ಜೊತೆ ಬೆರೆಯುವುದಿಲ್ಲ, ಗೊತ್ತಿದ್ದವರಿಗೆ ಗೊತ್ತು. ಸಭೆಯಲ್ಲಿ ಅಪ್ಪಯ್ಯ 'ಹಿಂಗಾರ ಇರಲಿಲ್ಲ' ಎಂದಾಗ ಆ ವಾಸನೆ ನನ್ನ ಮೂಗಿನಲ್ಲಿತ್ತೆಂದು ಒಂದು ನೆನಪು ಹೇಳುತ್ತದೆ. ಇನ್ನೊಂದು ನೆನಪು ಹೇಳುತ್ತದೆ: ನೀನು ವಾಸನೆ ಕಂಡದ್ದು ನಾಲ್ಕೈದು ವರ್ಷದ ನಂತರ, ದೊಡ್ಡಮ್ಮನ ಮೊಮ್ಮಗಳ ಮದುವೆಯಲ್ಲಿ, ಅದನ್ನು ತಂದು ಅಪ್ಪಯ್ಯನ ಬೈರಾಸಿಗೆ ಒರೆಸಿದ್ದೀ. ನೆನಪುಗಳು ಹಾಗೆ ಜಾಗ ಬದಲಾಯಿಸುತ್ತವೆಂದು ನಾನು ಓದಿದ್ದೆ. ಅದು ಅನುಕೂಲವಾದ ಓದು. ಯಾರಿಗೂ ಈ ವಿಷಯ ಹೇಳಲಿಲ್ಲ. ಅಮ್ಮನಿಗೂ.

1971ರ ಬೇಸಗೆಯಲ್ಲಿ ಅಯ್ಯನವರ ಕಾರ್ಡು ಬೈಂದೂರಿಗೆ ಬಂತು. ಹಿರಿಯರು ಬ್ರಹ್ಮಾವರದ ಮಗಳ ಮನೆಯಲ್ಲಿ ಮಲಗಿದ್ದಾರೆ, ಇನ್ನು ಏಳಲಾರರು, ಭೋಜನ ಬೇಕೆನ್ನುತ್ತಾರೆ, ಆದರೆ ನೀವು ಬಾರದೆ ತೆಗೆದುಕೊಳ್ಳಲು ಒಪ್ಪುತ್ತಿಲ್ಲ ಎಂದು ಬರೆದಿದ್ದರು. ಮರುದಿನ ಬೆಳಗ್ಗಿನ ಬಸ್ಸಿಗೆ ಹೊರಟೆ. ಕುಂದಾಪುರ ದಾಟಿತು, ಕೋಟೇಶ್ವರ ದಾಟಿತು, ಅಮ್ಮನನ್ನು ಕಾಣಲು ಇಳಿಯಲಿಲ್ಲ. ಏನು ಹೇಳಿಸಬೇಕು, ಯಾರ ಎದುರು ಹೇಳಿಸಬೇಕು ಎಂದು ಬಸ್ಸಿನಲ್ಲಿ ಕೂತು ಒಂದೊಂದಾಗಿ ಜೋಡಿಸಿದೆ.

ಮಗಳು ಬಾಗಿಲಲ್ಲಿ ತಡೆದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು.

"ಬಂದ್ರಾ. ಏಳ್ ವರ್ಷ ಸಾಕಾಯ್ಲಿಲ್ಯಾ ನಿಮ್ಗೆ?"

"ನಿಮ್ಮಪ್ಪಯ್ಯ ಕರೆದದ್ದು," ಎಂದೆ.

"ಗಂಜಿ ಇಳೀತಿಲ್ಲೆ ಅವ್ರಿಗೆ. ಆ ಚೂರ್ ರೊಟ್ಟಿ ಸಿಕ್ರೆ ಸಾಕ್ ಅಂಬ್ರ್. ನಿಮ್ಗ್ ಅದ್ರಲ್ ನಂಬ್ಕೇನೇ ಇಲ್ಲೆ ಅಂಬ್ರ್. ನಂಬ್ಕೆ ಇಲ್ದಿದ್ದದ್ದನ್ನ ಕೊಡುಕೆ ಎಂತ ಕಷ್ಟ ಮಾಷ್ಟ್ರೆ?"

ಚಪ್ಪಲಿ ಬಾಗಿಲಲ್ಲಿ ಬಿಟ್ಟೆ. ಒಳಗೆ ಹೋದೆ. ಅಯ್ಯನವರು ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಿಳಿ ಬಟ್ಟೆ ಮುಚ್ಚಿದ ತಟ್ಟೆ. ಹಿರಿಯರು ಹಾಸಿಗೆಯಲ್ಲಿ ಹಂಚಿನಷ್ಟು ತೆಳ್ಳಗಾಗಿದ್ದರು. ಕೈ ಹೊರಗೆ ತೆಗೆದು ಕೂರಲು ಸನ್ನೆ ಮಾಡಿದರು.

"ನಾನು ಹೇಳಿ ನೋಡಿದೆ," ಎಂದರು ಅಯ್ಯನವರು. "ದೇವರು ಕಟ್ಟಳೆ ನೋಡುವುದಿಲ್ಲ, ತೆಗೆದುಕೊಳ್ಳಿ ಎಂದೆ. ಕೇಳುವುದಿಲ್ಲ."

"ಕಟ್ಟಳೆ ನಾನೇ ಹಿಡ್ದದ್ದಲ್ದಾ ಅಯ್ಯನವ್ರೆ," ಎಂದರು ಹಿರಿಯರು. ಸ್ವರ ಎದ್ದಿರಲಿಲ್ಲ. ಮತ್ತೆ ನನ್ನ ಕಡೆ ತಿರುಗಿದರು. "ಮಾಷ್ಟ್ರೆ, ನಂಗೀಗ ಒಂದ್ ಸಂಶಯ ಬಂದಿತ್ತ್."

"ಎಂತ?"

"ಮಲ್ಗಿದಲ್ಲೇ ಆ ದಾರಿ ಕಾಣ್ತ್. ನಿಮ್ಮಪ್ಪಯ್ಯ ಕಾಣ್ತ್ರ್, ಗೊನೆ ಕಾಣ್ತ್. ಹಿಂಗಾರ ಒಂದೊಂದ್ ಸಲ ಕಾಣ್ತ್, ಒಂದೊಂದ್ ಸಲ ಇಲ್ಲೆ. ನಾ ಸೈಕಲ್ಲಲ್ ಇದ್ದಿದ್ದೆ. ಎಷ್ಟ್ ಹೊತ್ತ್ ಕಂಡದ್ದ್ ನಾನ್?" ಉಸಿರು ಎಳೆದುಕೊಂಡರು. "ನೀವ್ ಅವತ್ತ್ ಮನೆಲ್ ಇದ್ದಿದ್ರಿ. ನೀವ್ ಓದ್ದವ್ರ್. ಒಂದ್ ಮಾತ್ ಹೇಳಿ. ಇದ್ದಿತ್ತಾ, ಇಲ್ಯಾ? ಇರ್ಲಿಲ್ಲೆ ಅಂದ್ರೆ ಇವ್ರೆಲ್ಲರ ಎದ್ರ್ ನಾ ತಪ್ಪಾಯ್ತ್ ಅಂತೆ."

ನಾನು ಬಸ್ಸಿನಲ್ಲಿ ಜೋಡಿಸಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. ಏಳು ವರ್ಷ ನಾನು ಅವರನ್ನು ಕೇಳಿದ್ದೆ. ಅವರು ನನ್ನನ್ನು ಕೇಳಬಹುದೆಂದು ಒಮ್ಮೆಯೂ ತೋಚಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ವಿಶ್ವವಿದ್ಯಾಲಯ ನನಗೆ ಸರಿಯಾಗಿ ಕಲಿಸಿದ್ದ ಉತ್ತರ ಅದೊಂದೇ. ಬೈರಾಸಿನ ಮಾತು ಹೇಳಬಹುದಿತ್ತು. ಮಗಳು ಬಾಗಿಲಿಗೆ ಬಂದು ನಿಂತಿದ್ದಳು. ಕಲ್ಲಿನ ಖಾಲಿ ಜಾಗ ಕಣ್ಣಿಗೆ ಬಂತು.

"ಇರ್ಲಿಲ್ಲೆ," ಎಂದೆ.

"ಖರೆ?"

"ಖರೆ. ಇರ್ಲಿಲ್ಲೆ."

ಅವರು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನ ಸಂದಿನಿಂದ ನೀರು ಕಿವಿಯ ಕಡೆ ಇಳಿಯಿತು. "ಇಪ್ಪತ್ ವರ್ಷದ ಜೊತೆಗಾರ," ಎಂದರು. "ಸುಳ್ ಹೇಳ್ತ ಅಂತ ಎಣಿಸ್ದೆ ನಾನ್." ಆಮೇಲೆ ಕೈ ಮುಗಿಯಲು ನೋಡಿದರು. ಎರಡು ಕೈ ಕೂಡಲಿಲ್ಲ. "ತಪ್ಪಾಯ್ತ್ ಮಗಾ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಿಸೆಯಿಂದ ಕಾಗದ ತೆಗೆದೆ. ಅಪ್ಪಯ್ಯನ ಕಲ್ಲಿನಲ್ಲಿ 'ಜಯಿಸಿದವನು' ಎಂದು ಕೆತ್ತಿಸಲು ತನ್ನ ಆಕ್ಷೇಪವಿಲ್ಲ, ಹಿಂದೆ ಆಕ್ಷೇಪಿಸಿದ್ದು ತಪ್ಪು ಎಂದು ಮೊದಲೇ ಬರೆದು ತಂದಿದ್ದೆ. ಓದಿ ಹೇಳಿದೆ. ಅವರು ತಲೆಯಾಡಿಸಿದರು. ಪೆನ್ನು ಹಿಡಿಯಲಾಗದೆ ಮಗಳು ಕೈ ಹಿಡಿದು ಸಹಿ ಹಾಕಿಸಿದಳು. ನನ್ನ ಮುಖ ನೋಡಲಿಲ್ಲ.

ಆಮೇಲೆ ಅಯ್ಯನವರು ಎದ್ದು ನಿಂತು, ಶನಿವಾರದ ಜಗಲಿಯಲ್ಲಿ ಕೇಳುವ ಹಾಗೆಯೇ ನನ್ನನ್ನು ಕೇಳಿದರು. "ಯಾರ ಮೇಲಾದರೂ ಜಗಳ ಉಂಟೋ?"

"ಇಲ್ಲ," ಎಂದೆ.

ಅವರು ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಹಿರಿಯರ ಬಾಯಿಗಿಟ್ಟರು. ಅದನ್ನು ನುಂಗಲು ಹಿರಿಯರಿಗೆ ಬಹಳ ಹೊತ್ತು ಹಿಡಿಯಿತು. ತಟ್ಟೆಯಲ್ಲಿ ಇನ್ನೊಂದು ಚೂರು ಇತ್ತು. ಅಯ್ಯನವರು ಅದನ್ನು ನನಗೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಬಸ್ಸಿನ ತನಕ ಅಯ್ಯನವರು ನನ್ನ ಜೊತೆ ಬಂದರು. ರಸ್ತೆಯ ಬದಿಯ ಮರದ ಕೆಳಗೆ ನಿಂತಾಗ ಕೇಳಿದರು. "ನಿಮ್ಮ ಆ ನೋಟ್‌ಬುಕ್ ಇನ್ನೂ ಉಂಟೋ?"

"ಉಂಟು."

"ಇವತ್ತಿನದ್ದನ್ನು ಗೆರೆಯ ಯಾವ ಕಡೆ ಬರೆಯುತ್ತೀರಿ?"

ಬಸ್ಸು ಬಂತು. ಹತ್ತಿದೆ. ಆ ನೋಟ್‌ಬುಕ್ಕಿನಲ್ಲಿ ಆಮೇಲೆ ನಾನು ಏನನ್ನೂ ಬರೆಯಲಿಲ್ಲ.

ಐದನೆಯ ದಿನ ಹಿರಿಯರು ತೀರಿಕೊಂಡರು. ಅವರ ಕಲ್ಲಿನಲ್ಲಿ ಆ ಶಬ್ದ ಕೆತ್ತಲು ಏನೂ ಅಡ್ಡಿಯಿರಲಿಲ್ಲ, ಭೋಜನದಲ್ಲಿದ್ದೇ ಹೋದರು. ಆದರೆ ತನಗೆ ಬೇಡ, ಹೆಸರು ಮಾತ್ರ ಸಾಕು ಎಂದು ಮಗಳಿಗೆ ಹೇಳಿ ಹೋಗಿದ್ದರಂತೆ. ಯಾಕೆಂದು ಅವಳು ಯಾರಿಗೂ ಹೇಳಲಿಲ್ಲ. ಹೂಳುವ ದಿನ ನನ್ನ ಕಡೆ ಒಮ್ಮೆ ನೋಡಿದಳು, ನನಗೆ ಅಷ್ಟು ಸಾಕಾಗಿತ್ತು.

ಮಳೆ ಹಿಡಿಯುವ ಮುಂಚೆ ಕಲ್ಲುಕುಟಿಗನನ್ನು ಕರೆತಂದು ಅಪ್ಪಯ್ಯನ ಕಲ್ಲಿನ ಖಾಲಿ ಜಾಗದಲ್ಲಿ ಶಬ್ದ ಕೆತ್ತಿಸಿದೆ. ಹನ್ನೆರಡು ವರ್ಷದ ಹಳೆಯ ಅಕ್ಷರಗಳ ಕೆಳಗೆ ಹೊಸ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅಮ್ಮನನ್ನು ಕೈ ಹಿಡಿದು ಕರೆದುಕೊಂಡು ಹೋದೆ. ಅವಳು ಬಗ್ಗಿ, ಕೆತ್ತಿದ ಸಂದಿನ ಪುಡಿಯನ್ನು ಸೆರಗಿನಿಂದ ಒರೆಸಿದಳು.

"ಯಾರ್ ಒಪ್ಪಿದ್ದ್ ಇದಕ್ಕೆ?"

"ಹಿರಿಯರೇ. ಸಹಿ ಹಾಕ್ ಹೋದ್ರ್. ತಾನ್ ಹೇಳಿದ್ದ್ ತಪ್ಪ್ ಅಂದ್ರ್."

ಅಮ್ಮ ಸೆರಗಿನ ಪುಡಿ ಕೊಡವಿದಳು. ಆ ಕಡೆ ಮೂರು ಸಾಲು ದಾಟಿ ಹಿರಿಯರ ಮಣ್ಣಿನ ಗುಡ್ಡೆ ಇನ್ನೂ ಹಸಿಯಾಗಿತ್ತು.

"ಸುಳ್ ಹೇಳುವ ಜನ ಅಲ್ಲ ಅವ್ರ್," ಎಂದಳು. "ಅವ್ರಿಗ್ ಹಿಂಗಾರ ಇರ್ಲಿಲ್ಲೆ ಅಂತ ಯಾರ್ ಹೇಳಿದ್ದ್, ಮಗಾ?"

ನಾನು ಕಲ್ಲುಕುಟಿಗನ ಉಳಿ ಸುತ್ತಿಗೆಯನ್ನು ಚೀಲಕ್ಕೆ ತುಂಬಿಸಿ ಕೊಡುತ್ತಿದ್ದೆ. ಕೇಳಿಸದವನ ಹಾಗೆ ತುಂಬಿಸುತ್ತಲೇ ಇದ್ದೆ.